ಬ್ರಹ್ಮಚಾರಿಗೆ ಸಿಕ್ಕ ನನ್ನ ವರ್ಗಾವಣೆ

ಅಲ್ಪವಿರಾಮದ ಚಿಹ್ನೆ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸಾಲಿನ ಬುಡದಲ್ಲಿ ಬಾಲ ಮುದುರಿ ಕೂತ ಆ ಬಡಪಾಯಿಯ ಮೇಲೆ ಸಿಟ್ಟೇಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

ನಾನು ವಿಜಯಪುರದ ಕಡೆಯವಳು. ಆಗ ಕಾಗದಪತ್ರಗಳಲ್ಲಿ ಔರಂಗಾಬಾದ್ ಎಂದೇ ಇದ್ದ ಸಂಭಾಜಿನಗರದಲ್ಲಿ, ಕೇಂದ್ರ ಸರ್ಕಾರದ ಕಚೇರಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಗಂಡ ನಾಶಿಕದಲ್ಲಿ ಬ್ಯಾಂಕ್ ನೌಕರ. ಮಗಳು ಮಧುರಾ ಶಾಲೆಯ ಕಾರಣಕ್ಕೆ ಅಪ್ಪನ ಬಳಿ. ನಾನು ಶನಿವಾರ ಮನ್ಮಾಡ ಮಾರ್ಗದ ರೈಲಿನಲ್ಲಿ ಹೋಗಿ, ಭಾನುವಾರ ಸಂಜೆ ಮರಳುವ ಅತಿಥಿ.

ಗಂಡಹೆಂಡತಿ ಒಂದೇ ಊರಿನಲ್ಲಿರಲೆಂದು ವರ್ಗಾವಣೆ ಕೇಳುವ ಅವಕಾಶ ನಮ್ಮಲ್ಲಿತ್ತು. ಪ್ರತಿ ವರ್ಷ ಅರ್ಜಿ ಹಾಕುತ್ತಿದ್ದೆ. ಆದೇಶವಿರಲಿ, ಆಗುವುದಿಲ್ಲ ಎಂಬ ಉತ್ತರವೂ ಬರುತ್ತಿರಲಿಲ್ಲ. ಎರಡನೆಯ ವರ್ಷ ಗಂಡ ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು: "ನೀ ಖರೇನ ಅರ್ಜಿ ಹಾಕೀಯೇನು?"

"ಹಂಗಂದ್ರ ಏನ್ರಿ?"

"ಏನಿಲ್ಲ. ಅಲ್ಲೆ ಒಬ್ಬಾಕಿನ ಆರಾಮ ಇದ್ದೀಯಲ್ಲ, ಅದಕ್ಕ ಕೇಳ್ದೆ."

ಆರಾಮ! ಬಾಡಿಗೆ ಕೋಣೆಯಲ್ಲಿ ಒಬ್ಬಳಿಗೆಂದು ಅನ್ನ ಬೇಯಿಸಿದವರಿಗೆ ಆ ಆರಾಮ ಗೊತ್ತು. ಆಮೇಲೆ ನಮ್ಮಿಬ್ಬರ ಮಾತು ಮಗಳ ಶಾಲೆ, ಗ್ಯಾಸ್ ಸಿಲಿಂಡರ್‌ಗಳಿಗೆ ಇಳಿಯಿತು.

ಮೂರನೆಯ ವರ್ಷ ನಮ್ಮ ವಿಭಾಗಕ್ಕೆ ಇಗತಪುರಿಯಿಂದ ಒಂದು ಫೋನು ಬಂತು. ನಿವೃತ್ತಿಯ ಅಂಚಿನಲ್ಲಿದ್ದ ಶಿಂದೆ ಎಂಬವರು. ಹೆಂಡತಿಯ ಜೊತೆಗಿರಲು ಅನುಕೂಲವಾಗಲೆಂದು ಅವರನ್ನು ನಾಶಿಕಕ್ಕೆ ಕಳಿಸಿ ಆದೇಶವಾಗಿತ್ತು. "ಮ್ಯಾಡಮ್, ಮಾಝಂ ಲಗ್ನಚ್ ಝಾಲಂ ನಾಹೀ!" ಎಂದು ಕೂಗಿದರು. ಲಗ್ನವೇ ಆಗದ ಮನುಷ್ಯನಿಗೆ ಸರ್ಕಾರ ಹೆಂಡತಿಯನ್ನು ದಯಪಾಲಿಸಿತ್ತು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಕಾರಣ ಹುಡುಕಲು ಕೂತಾಗ ನಗು ನಿಂತಿತು. ವರ್ಗಾವಣೆಯ ಕೆಲಸವನ್ನು ಡೇಟಾಬೇಸಿನೊಳಗೆ ಬರೆದಿಟ್ಟ ಒಂದು ಸ್ಟೋರ್ಡ್ ಪ್ರೊಸೀಜರ್ ಮಾಡುತ್ತಿತ್ತು. ಹೆಸರು ಹಿಡಿದು ಕರೆದರೆ ಬಂದು, ಕೊಟ್ಟಿದ್ದನ್ನು ತೆಗೆದುಕೊಂಡು, ಹೇಳಿದಷ್ಟು ಮಾಡಿ ಹೋಗುವ ಆಳು. ಅದಕ್ಕೆ ಅರ್ಜಿದಾರರ ಸಿಬ್ಬಂದಿ ಸಂಖ್ಯೆಗಳನ್ನೆಲ್ಲ ನಡುವೆ ಅಲ್ಪವಿರಾಮ ಹಾಕಿ, ಒಂದೇ ಉದ್ದ ಸಾಲಾಗಿ ಪೋಣಿಸಿ ಕೊಡುತ್ತಿದ್ದರು. ಆ ಸಾಲನ್ನು ಹಿಡಿಯುವ ಡಬ್ಬಿಗೆ ಇಂತಿಷ್ಟೇ ಅಕ್ಷರವೆಂಬ ಮಿತಿ. ಹೆಚ್ಚಾದದ್ದು ಸದ್ದಿಲ್ಲದೆ ತುಂಡಾಗುತ್ತಿತ್ತು. ತಡವಾಗಿ ಕೆಲಸಕ್ಕೆ ಸೇರಿದ ನನ್ನ ಸಂಖ್ಯೆ ದೊಡ್ಡದು, ಆದ್ದರಿಂದ ಸಾಲಿನ ತುದಿಯಲ್ಲಿ. ಮೊದಲೆರಡು ವರ್ಷ ನಾನು ಪೂರ್ತಿ ಹೊರಗೆ ಬಿದ್ದಿದ್ದೆ. ಈ ಸಲ ಅರ್ಜಿಗಳು ಕಡಿಮೆಯಾಗಿ ನನ್ನ ಕೊನೆಯ ಅಂಕಿಯೊಂದೇ ಬಿದ್ದುಹೋಗಿತ್ತು. ಉಳಿದ ಅಂಕಿಗಳು ಸೇರಿ ಶಿಂದೆಯವರ ಸಂಖ್ಯೆಯಾಗಿ, ನನ್ನ ವರ್ಗಾವಣೆ ಅವರ ಪಾಲಾಗಿತ್ತು.

ಕಲ್ಲಿನ ಮೇಲೆ ಶಾಸನ ಕೆತ್ತುವವನು ಕೂಡ ಜಾಗ ಸಾಲದಿದ್ದರೆ ಅಕ್ಷರ ಸಣ್ಣದು ಮಾಡುತ್ತಿದ್ದ, ಅಂಚಿಗಾದರೂ ಕೆತ್ತುತ್ತಿದ್ದ. ದಾನ ಕೊಟ್ಟವನ ಹೆಸರನ್ನು ಅರ್ಧಕ್ಕೆ ಬಿಟ್ಟು ಉಳಿ ಎತ್ತಿಡುತ್ತಿರಲಿಲ್ಲ. ಅವನಿಗೆ ನಾಚಿಕೆಯಾದರೂ ಇತ್ತು.

ಪ್ರೊಸೀಜರ್ ಬರೆದ ನಾಶಿಕದ ಸಾಹೇಬರ ಎದುರು ಹೋಗಿ ತೋರಿಸಿದೆ. "ಎರರ್ ಬಂದಿಲ್ಲವಲ್ಲ ಮ್ಯಾಡಮ್?" ಎಂದರು ಮರಾಠಿಯಲ್ಲಿ, ಚಹಾ ತರಿಸುತ್ತಾ. "ಬೇಕಾದರೆ ಡಬ್ಬಿ ಇನ್ನಷ್ಟು ಉದ್ದ ಮಾಡೋಣ."

"ಅದೂ ತುಂಬಿದರೆ ಯಾರು ಬೀಳಬೇಕು ಸಾಹೇಬರೆ?" ಎಂದೆ. ಚಹಾ ಕುಡಿಯಲಿಲ್ಲ.

ಆಗಷ್ಟೇ ಬಂದಿದ್ದ ಡೇಟಾಬೇಸಿನ ಹೊಸ ಆವೃತ್ತಿಯಲ್ಲಿ ಪಟ್ಟಿಯನ್ನು ಪಟ್ಟಿಯಾಗಿಯೇ, ಒಬ್ಬೊಬ್ಬರಿಗೆ ಒಂದೊಂದು ಸಾಲು ಕೊಟ್ಟು, ಪ್ರೊಸೀಜರ್ ಒಳಗೆ ಕಳಿಸಬಹುದಿತ್ತು. ಹಟ ಹಿಡಿದು ನಾನೇ ಹಾಗೆ ತಿದ್ದಿ ಬರೆದೆ.

ಆ ಶನಿವಾರ ನಾಶಿಕದ ಮನೆಗೆ ಹೋದಾಗ ಗಂಡನಿಗೆ ಎಲ್ಲ ವಿವರಿಸಿದೆ. ಅವರು "ಹಂಗಾರ ಅದು ಕಂಪ್ಯೂಟರ್ ತಪ್ಪು" ಎಂದರು.

"ಕಂಪ್ಯೂಟರ್ ನನಗ ಆರಾಮ ಇದ್ದೀ ಅನ್ನಲಿಲ್ರಿ. ನೀವು ಅಂದ್ರಿ."

ಅವರು ಎದ್ದು ಹೋಗಿ ಟಿ.ವಿ. ಹಾಕಿದರು. ಪ್ರೊಸೀಜರ್ ತಿದ್ದಿದಷ್ಟು ಸುಲಭದಲ್ಲಿ ಎಲ್ಲವನ್ನೂ ತಿದ್ದಲಾಗುವುದಿಲ್ಲವೆಂದು ಆಗ ತಿಳಿಯಿತು.

ಮರುವರ್ಷ ನನಗೆ ಆದೇಶ ಬಂತು. ಸಾಮಾನು ಕಟ್ಟಿಕೊಂಡು ನಾಶಿಕಕ್ಕೆ ಬಂದಿಳಿದೆ. ಮಧುರಾ ಮಂಚದ ತುಂಬಾ ಪುಸ್ತಕ ಹರಡಿಕೊಂಡಿದ್ದಳು.

"ಈ ಸಲ ಎಷ್ಟ ದಿವಸ ಇರ್ತಿ?"

"ಇನ್ನ ಇಲ್ಲೇ ಇರ್ತೀನಿ."

"ಮ್ಹಣಜೆ... ರೋಜ್?"

ಅಂದರೆ ದಿನಾಲೂ? ಅವಳ ಮುಖದಲ್ಲಿ ನಾನು ಸಂತೋಷ ಹುಡುಕಿದೆ. ಕಂಡದ್ದು, ತನ್ನ ಕೋಣೆಯನ್ನು ಹೇಗೆ ಹಂಚಿಕೊಳ್ಳುವುದೆಂಬ ಯೋಚನೆ. ಅಮ್ಮನಿಲ್ಲದ ವಾರಗಳನ್ನು ಆ ಮಗು ಅಚ್ಚುಕಟ್ಟಾಗಿ ತುಂಬಿಸಿಕೊಂಡಿತ್ತು, ನನಗೆಂದು ಜಾಗ ತೆರವಿಟ್ಟಿರಲಿಲ್ಲ. ತಪ್ಪು ಅವಳದಲ್ಲ.

"ಹೂಂ, ರೋಜ್," ಎಂದು ಮಂಚದ ಬಳಿ ನಿಂತೆ. "ಚೂರು ಸರಿ."

ಸರಿದಳು, ಚೂರೇ. ನಾನು ಅಷ್ಟರಲ್ಲೇ ಕೂತೆ.