ಎಡಗಡೆಯ ಒಳಪದರ

ಶಾರದಾ, ನಿಮ್ಮವ್ವನ ಎದೆಯಲ್ಲಿ ಗಂಟು ಇದ್ದದ್ದು ನನಗೆ ಗೊತ್ತಿತ್ತು. ಡಾಕ್ಟರಿಗಿಂತ ಮೊದಲು, ನಿಮ್ಮಪ್ಪನಿಗಿಂತ ಮೊದಲು, ನಿನ್ನ ಮದುವೆಗಿಂತಲೂ ಮೊದಲು ಗೊತ್ತಿತ್ತು. ಅವಳನ್ನು ಮಣ್ಣು ಮಾಡಿ ಬಂದ ದಿನ ನೀನು ನನ್ನ ಕೈ ಹಿಡಿದು, "ಚಿಗವ್ವ, ನಿನ್ನ ಮುಂದರೆ ಹೇಳಿದ್ಲೇನು?" ಎಂದು ಕೇಳಿದೆ. ನಾನು ಇಲ್ಲವೆಂದು ತಲೆ ಅಲ್ಲಾಡಿಸಿ ಅತ್ತೆ. ಅಳು ನಿಜವಾದದ್ದೇ. ಆದರೆ ಹೇಳಿದ್ದು ಹಸಿ ಸುಳ್ಳು.

ಎಂಬತ್ತರ ದಶಕದ ಆ ವರ್ಷಗಳಲ್ಲಿ ಮೊರಬದ ನಮ್ಮ ಓಣಿಗೆಲ್ಲ ಹೆಂಗಸರ ಬಟ್ಟೆ ಹೊಲಿಯುತ್ತಿದ್ದವಳು ನಾನೊಬ್ಬಳೇ. ಗಂಡನನ್ನು ಬಿಟ್ಟು ತವರಿಗೆ ಬಂದವಳಿಗೆ ಆ ಹೊಲಿಗೆ ಮಷಿನ್ನೇ ದಿಕ್ಕು. ಮೈ ಅಳತೆ ಕೊಡುವ ರೂಢಿ ಆಗ ನಮ್ಮಲ್ಲಿರಲಿಲ್ಲ. ಹಳೆಯ ಕುಪ್ಪಸವೊಂದನ್ನು ಅಳತೆಗೆಂದು ಕಳಿಸಿದರೆ ಮುಗಿಯಿತು. ಅಂಥದ್ದರಲ್ಲಿ ನಿಮ್ಮವ್ವ, ಒಡಹುಟ್ಟದಿದ್ದರೂ ನಾನು ಅಕ್ಕ ಎನ್ನುತ್ತಿದ್ದ ಗಂಗಕ್ಕ, ನನ್ನನ್ನು ಮನೆಗೆ ಕರೆಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಹೊಸದಾಗಿ ಅಳತೆ ತಗೋ ಎಂದಾಗಲೇ ಏನೋ ಇದೆ ಅನ್ನಿಸಿತ್ತು. ಎಡಗಡೆ ಟೇಪು ಹಿಡಿದ ಬೆರಳಿಗೆ ಅದು ಸಿಕ್ಕಿತು — ಅಡಿಕೆಗಿಂತ ದೊಡ್ಡದು, ಕಲ್ಲಿನ ಹಾಗೆ ಗಟ್ಟಿ. ಅದರ ಮೇಲಿನ ಚರ್ಮ ಒಳಕ್ಕೆ ಜಗ್ಗಿಕೊಂಡು ಕುಳಿ ಬಿದ್ದಿತ್ತು.

"ಯಕ್ಕಾ, ಇದೇನಿದು?" ಎಂದೆ.

"ಏನೂ ನೋವಿಲ್ಲ ಬಿಡು. ನೋವಿದ್ರ ನಾನ ಹೇಳತಿದ್ನಿ. ಎಡಕ್ಕ ಒಳಗೊಂದು ಪದರ ಹತ್ತಿ ಇಟ್ಟು ಹೊಲಿ, ಎರಡೂ ಕಡೆ ಸಮ ಕಾಣಲಿ. ಶಾರದಾನ ಮ್ಯಾಲೆ ಅಕ್ಕಿಕಾಳು ಬೀಳೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ರಕ್ತದಾಗ ಬ್ಯಾನಿ ಐತಿ ಅಂತ ಬೀಗರು ಹಿಂದ ಸರದಾರು. ಮತ್ತ ಗಂಡಸು ಡಾಕ್ಟರ ಮುಂದ ಎದಿ ತಗದು ಕುಂದ್ರೂದಂದ್ರ — ಆಗೂದಿಲ್ಲವ್ವ ನನ್ನಿಂದ."

ನೋವಿಲ್ಲದ್ದು ರೋಗವೇ ಅಲ್ಲ ಎಂದು ನಾವಿಬ್ಬರೂ ನಂಬಿದೆವು. ಇಲ್ಲ — ಅವಳು ನಂಬಿದಳು. ನಾನು ನಂಬಿದವಳ ಹಾಗೆ ನಟಿಸಿದೆ. ನಿಮ್ಮ ಹೊಲದ ಹತ್ತಿಯನ್ನೇ ತೆಳ್ಳಗೆ ಹಾಸಿ, ಮೆತ್ತನೆಯ ಹಳೆಯ ಧೋತರದ ಬಟ್ಟೆ ಮೇಲೆ ಕೊಟ್ಟು, ಒಳಗೆ ಪದರವಿದೆಯೆಂದು ದೇವರಿಗೂ ತಿಳಿಯದ ಹಾಗೆ ಹೊಲಿದೆ. ನಿನ್ನ ಮದುವೆಯಲ್ಲಿ ಬೀಗರ ಕಡೆಯ ಹೆಂಗಸರು ಗಂಗಕ್ಕನ ಕುಪ್ಪಸ ನೋಡಿ, ಯಾರ ಕೈಯ ಹೊಲಿಗೆ ಎಂದು ಕೇಳಿದರು. ನಾನು ಬೀಗುತ್ತ ಓಡಾಡಿದೆ. ನಾಚಿಕೆಗೇಡಿ ನಾನು.

ಮದುವೆ ಮುಗಿಯಿತು. ನಾನು ಕೊಟ್ಟ ಮಾತಿನ ಗಡುವೂ ಅಲ್ಲಿಗೆ ಮುಗಿಯಿತು. ಇದನ್ನು ನೀನು ಗಮನವಿಟ್ಟು ಓದಬೇಕು. ಆಮೇಲೆ ನನ್ನ ಬಾಯಿ ಕಟ್ಟಿದವರು ಯಾರೂ ಇರಲಿಲ್ಲ.

ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಒಂದು ದಿನ ನಿಮ್ಮಪ್ಪ ಗುಂಡಿ ಕಿತ್ತ ಅಂಗಿ ಹಿಡಿದು ನನ್ನ ಬಾಗಿಲಿಗೆ ಬಂದ. ಅಂಗಿ ಒಂದು ನೆಪ. ಮಗಳು ದೊಡ್ಡವಳಾದ ಮೇಲೆ ಗಂಡ ಪಡಸಾಲೆಯಲ್ಲಿ, ಹೆಂಡತಿ ಒಳಗೆ ಮಲಗುವುದು ನಮ್ಮ ಕಡೆಯ ರೀತಿ. ಅವನು ಕಣ್ಣಾರೆ ಕಂಡದ್ದೇನೂ ಇರಲಿಲ್ಲ. ಆದರೂ ಹೊಸ್ತಿಲ ಆಚೆ ನಿಂತು ಕೇಳಿದ —

"ಶಾಂತವ್ವ, ನಿಮ್ಮಕ್ಕಗ ಏನರೆ ಆಗೇತೇನು? ರೊಟ್ಟಿ ಬಡಿಯೂ ಸಪ್ಪಳ ಮೊದಲಿನಂಗ ಕೇಳಸೂದಿಲ್ಲ. ಎಡಗೈ ಮ್ಯಾಲೆ ಎತ್ತೂದಿಲ್ಲ ಅಕಿ. ಕೇಳಿದ್ರ ಸಿಟ್ಟಿಗೇಳತಾಳ. ನೀ ಹೂಂ ಅಂದ್ರ ನಾಳೆನ ಹುಬ್ಬಳ್ಳಿಗೆ ಕರಕೊಂಡು ಹೊಂಡತೀನಿ."

ನಾನು ಹೂಂ ಅನ್ನಬೇಕಿತ್ತು. ಅಷ್ಟೇ.

"ಏನೂ ಇಲ್ರಿ ಮಾವಾರ. ಕುಬಸ ಕಂಕಳದಾಗ ಬಿಗಿ ಆಗಿತ್ತು. ಬಿಚ್ಚಿ ಸಡ್ಲ ಮಾಡಿ ಕೊಟ್ಟೀನಿ" ಎಂದೆ. ಬೆಣ್ಣೆಯಲ್ಲಿನ ಕೂದಲು ತೆಗೆದಷ್ಟು ಸಲೀಸಾಗಿ ಬಂತು ಸುಳ್ಳು.

ಅವನ ಮುಖ ಹಗುರಾಯಿತು. "ಅಳತಿ ತಗೊಂಡಾಕಿ ನೀನು. ನಿನಗ ತಿಳೀದ್ದು ನನಗೇನು ತಿಳೀತೈತಿ" ಎಂದು ನಕ್ಕು ಹೋದ. ಅಂಗಿಯನ್ನು ನನ್ನ ಬಳಿಯೇ ಮರೆತ.

ಯಾಕೆ ಹಾಗೆ ಹೇಳಿದೆ? ಅವಳ ಮಾನಕ್ಕಾಗಿ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಬರೀ ಬೂಟಾಟಿಕೆ. ಗೊತ್ತಿದ್ದೂ ಹತ್ತಿ ಇಟ್ಟು ಹೊಲಿದಳು ಎಂಬ ಮಾತು ನನ್ನ ಮೇಲೆ ಬಂದೀತೆಂಬ ಹೆದರಿಕೆ ಒಂದು. ಇನ್ನೊಂದು ಇದಕ್ಕಿಂತ ಹೊಲಸು — ಯಾರ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದೆನೋ, ಆ ಮನೆಯ ಒಡತಿ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಿದ್ದಳು. ಗಂಡನಿಗೂ ಹೇಳದ್ದು ನನಗೆ ಗೊತ್ತು ಎಂಬ ಸೊಕ್ಕು ನನಗೆ ಸಿಹಿಯಾಗಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಮಳೆಗಾಲ ಬರುವ ಹೊತ್ತಿಗೆ ಗಂಟು ಒಡೆದು ಹುಣ್ಣಾಯಿತು. ಕುಪ್ಪಸದ ಪದರ ಒದ್ದೆಯಾಗಿ ವಾಸನೆ ಬರತೊಡಗಿದಾಗ ಮುಚ್ಚಿಡಲು ನನ್ನ ಹೊಲಿಗೆ ಸಾಲಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನಿಮ್ಮಪ್ಪನನ್ನೇ ಬೈದರಂತೆ. ದೀಪಾವಳಿಯನ್ನು ಅವಳು ನೋಡಲಿಲ್ಲ.

ಮಣ್ಣಿನ ದಿನ ನೀನು ಎಲ್ಲರ ಎದುರು ಅವನಿಗೆ ಹೇಳಿದ್ದು ನೆನಪಿದೆಯೇ? "ಮೂರು ಹೊತ್ತು ಅಕಿ ಕೈಯಾಗಿನ ರೊಟ್ಟಿ ತಿಂದಿ. ಒಂದಿನರೆ ಅಕಿ ಕಡೆ ಕಣ್ಣೆತ್ತಿ ನೋಡಿದ್ದೇನಪಾ ನೀನು?" ಆಗ ನಿಮ್ಮಪ್ಪ ನನ್ನ ಕಡೆ ನೋಡಿದ. ಇವಳನ್ನು ಕೇಳಿದ್ದೆ ಎಂದು ಅವನು ಒಂದೇ ಮಾತು ಆಡಿದ್ದರೆ — ಆಡಲಿಲ್ಲ. ಯಾಕೆ ಆಡಲಿಲ್ಲವೋ ನನಗೆ ಇಂದಿಗೂ ತಿಳಿಯದು. ಹೊರಳಿ ಗೋಡೆಗೆ ಮುಖ ಮಾಡಿ ಕೂತ. ನಾನು ನೀರಿನ ಕೊಡ ಹೊತ್ತು ಹೊರಗೆ ಹೋದೆ.

ನೀನು ತವರಿಗೆ ಬರುವುದನ್ನು ಬಿಟ್ಟೆ. ಅವನು ಹೋದಾಗ ಬಂದವಳು ಪರರಂತೆ ದೂರ ನಿಂತು, ಅಂದೇ ಸಂಜೆಯ ಬಸ್ಸಿಗೆ ಹೊರಟೆ. ಅಂದೂ ನಾನು ಅಲ್ಲೇ ಇದ್ದೆ. ಅಂದೂ ಸುಮ್ಮನಿದ್ದೆ.

ಈಗ ಅಳತೆಗೆ ಬಂದ ಹೆಂಗಸರಿಗೆಲ್ಲ, ಮೈತೊಳೆಯುವಾಗ ಕೈಯಾಡಿಸಿ ನೋಡಿಕೊಳ್ಳಿರಿ, ಗಂಟು ಸಿಕ್ಕರೆ ನೋವಿಲ್ಲವೆಂದು ಬಿಡಬೇಡಿರಿ ಎಂದು ಹೇಳುತ್ತೇನೆ. ಕೆಲವರು ಮುದುಕಿಗೆ ಮರುಳು ಎನ್ನುತ್ತಾರೆ. ಒಬ್ಬಾಕೆ ಹೋಗಿ ತೋರಿಸಿಕೊಂಡು, ಆಪರೇಷನ್ ಆಗಿ, ಬದುಕಿದ್ದಾಳೆ. ಅದರಿಂದ ನನ್ನ ಪಾಪವೇನೂ ತೊಳೆದು ಹೋಗುವುದಿಲ್ಲ. ನಿನಗೂ ಈಗ ನಿಮ್ಮವ್ವನ ಆ ವಯಸ್ಸು. ಇದನ್ನು ಓದಿ ಮುಗಿಸಿ ನನ್ನನ್ನು ಎಷ್ಟಾದರೂ ಬೈದುಕೋ, ಆದರೆ ಡಾಕ್ಟರ ಹತ್ತಿರ ಹೋಗಿ ಬಾ.

ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಮನೆಯ ಗೋಡೆಯ ಮೇಲೆ ಅವ್ವನ ಫೋಟೋ ಒಂದೇ ಇದೆಯಂತೆ. ಅದರ ಬಾಜು ಅಪ್ಪನದನ್ನೂ ಹಾಕು. ಅವನು ನೋಡಿದ್ದ, ಶಾರದಾ. ನನ್ನ ಬಾಗಿಲಿಗೆ ಬಂದು ಕೇಳಿದ್ದ.