ಮಾಲೂರಿನವರೆಗೆ ಅಳಬಹುದು

ಸಂಜೆಯ ಮಾರಿಕುಪ್ಪಂ ರೈಲು ವೈಟ್‌ಫೀಲ್ಡ್ ಬಿಟ್ಟಿತ್ತು. ನಮ್ಮ ಲೇಡೀಸ್ ಬೋಗಿಯ ಬಾಗಿಲ ಬಳಿ ನಿಂತಿದ್ದ ಸವಿತಾ, ಮೊಬೈಲಿನಲ್ಲಿ ಟೈಪ್ ಮಾಡುತ್ತಾ ತನ್ನ ಕೆಲಸಕ್ಕೆ ತಾನೇ ಕೊಳ್ಳಿ ಇಡುತ್ತಿದ್ದಳು.

ಬೂದಿಕೋಟೆ ಕಡೆಯ ಹುಡುಗಿ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಬಸ್ಸು ಹಿಡಿದು ಬಂಗಾರಪೇಟೆಗೆ ಬಂದು, ಅಲ್ಲಿಂದ ನಮ್ಮ ಜೊತೆ ರೈಲು. ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕೌಂಟರ್ ಕೆಲಸ. (ಹೆಸರು ಬದಲಾಯಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. "ಚೆನ್ನಾಗಿರೋ ಎಸ್ರು ಇಡಿ ಅಕ್ಕ" ಎಂಬ ಒಂದೇ ಷರತ್ತು.)

"ಏನ್ ಮಾ, ಯಾರ ಮೇಲೆ ಕೋಪ?" ಎಂದರು ಸೆಲ್ವಿ ಅಕ್ಕ.

ಸೆಲ್ವಿ ಅಕ್ಕ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನವರು, ಮನೆಮಾತು ತಮಿಳು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಬೋಗಿಯಲ್ಲಿ ಯಾರ ಮುಖ ಬಾಡಿದ್ದರೂ ಮೊದಲು ಕಾಣುವುದು ಅವರಿಗೇ. ಅವರು ಕೇಳಿದ್ದೇ ತಡ, ಸವಿತಾಳ ಕಟ್ಟೆ ಒಡೆಯಿತು.

ಆಗಿದ್ದು ಇಷ್ಟು. ಕ್ಲಿನಿಕ್ಕಿಗೆ ವಯಸ್ಸಾದ ಒಬ್ಬರು ಬಂದಿದ್ದರು. ಇವಳು, "ಡ್ರಾಪ್ಸ್ ಆಕ್ತಾರೆ ತಾತ, ಆ ಕಡೆ ಓಗಿ ಕೂತ್ಕಳಿ" ಎಂದಳು. ಹಿಂದೆ ನಿಂತಿದ್ದ ಮ್ಯಾನೇಜರ್ ಎಲ್ಲರ ಎದುರು ಅಣಕಿಸಿದ. "ಆಕ್ತಾರಂತೆ, ಓಗಬೇಕಂತೆ. ಮೊದ್ಲು 'ಹ' ಅನ್ನೋದು ಕಲ್ತ್ಕೊಂಡು ಬಾ, ಆಮೇಲೆ ಕೌಂಟರ್‌ನಲ್ಲಿ ಕೂರು." ಸಾಲಿನಲ್ಲಿ ನಿಂತವರು ನಕ್ಕರು. ಅವಳು ಮಧ್ಯಾಹ್ನದ ಡಬ್ಬಿ ಬಿಚ್ಚಲೇ ಇಲ್ಲ.

"ಕೆಲ್ಸ ಓದ್ರೆ ಓಗ್ಲಿ ಅಕ್ಕ. ಆಫೀಸ್ ಗ್ರೂಪಿಗೇ ಬರ್ದು ಆಕ್ತೀನಿ. ಅವನ ಬಂಡವಾಳ ಎಲ್ರಿಗೂ ಗೊತ್ತಾಗ್ಲಿ."

"ಹಾಕು ಮಾ, ಬೇಡ ಅನ್ನಲ್ಲ," ಎಂದರು ಸೆಲ್ವಿ ಅಕ್ಕ. "ಮಾಲೂರು ದಾಟಲಿ."

ಇಲ್ಲಿ ನಮ್ಮ ಬೋಗಿಯ ಕಾನೂನು ಹೇಳಬೇಕು. ವೈಟ್‌ಫೀಲ್ಡಿನಿಂದ ಮಾಲೂರಿನವರೆಗೆ ಯಾರು ಬೇಕಾದರೂ ಅಳಬಹುದು, ಬೈಯಬಹುದು, ಬಾಸಿನ ವಂಶವನ್ನೇ ಜಾಲಾಡಬಹುದು. ಕೇಳುವವರು ಮಾತ್ರ ಬಾಯಿ ಬಿಡುವಂತಿಲ್ಲ. ಬುದ್ಧಿ ಹೇಳುವಂತಿಲ್ಲ. "ನಮ್ಮ ಆಫೀಸಲ್ಲೂ ಹಿಂಗೇ" ಎಂದು ತನ್ನ ಕಥೆ ಶುರು ಮಾಡುವಂತಿಲ್ಲ. ಮಾಲೂರು ಬಂತೋ, ಅಳು ಬಂದ್. ಅಲ್ಲಿಂದ ಮುಂದೆ, ಮುಂದೇನು ಎಂಬ ಮಾತು.

ಯಾರು ಮಾಡಿದ ಕಾನೂನೋ ಗೊತ್ತಿಲ್ಲ. ನಾನು ಈ ರೈಲು ಹತ್ತುವ ಮೊದಲೇ ಇತ್ತು. ಮಾಲೂರೇ ಯಾಕೆ ಎಂದು ಒಮ್ಮೆ ಸೆಲ್ವಿ ಅಕ್ಕನನ್ನು ಕೇಳಿದ್ದೆ. "ಅಷ್ಟೊತ್ತಿಗೆ ಸೀಟ್ ಸಿಗುತ್ತೆ ಮಾ. ಕೂತ್ಕೊಂಡು ಯೋಚನೆ ಮಾಡಬಹುದು," ಎಂದಿದ್ದರು.

ಕಾನೂನು ಮುರಿದವಳು ನಾನೇ. ಆ ವಾರವಷ್ಟೇ ನಮ್ಮ ಆಫೀಸಿನಲ್ಲಿ 'ಎಮೋಷನಲ್ ಬ್ಯಾಲೆನ್ಸ್' ಬಗ್ಗೆ ಟ್ರೈನಿಂಗ್ ಆಗಿತ್ತು. (ಒಳ್ಳೆಯ ಟ್ರೈನಿಂಗೇ. ಬಿಸ್ಕತ್ತೂ ಚೆನ್ನಾಗಿತ್ತು.) ಕಲಿತದ್ದು ಒಳಗೆ ನಿಲ್ಲಬೇಕಲ್ಲ. "ಸವಿತಾ, ಮೊದಲು ದೀರ್ಘವಾಗಿ ಉಸಿರು ತಗೋ" ಎಂದು ಶುರು ಮಾಡಿದೆ. ಸೆಲ್ವಿ ಅಕ್ಕ ನನ್ನತ್ತ ತಿರುಗಿದರು.

"ಬರಿಯೋ ಅಕ್ಕಾ, ಮಾಲೂರು ಬಂತಾ?" (ಬರೆಯುತ್ತೇನಲ್ಲ, ಬೋಗಿಯಲ್ಲಿ ನನಗೆ ಅದೇ ಹೆಸರು.)

ಬಂದಿರಲಿಲ್ಲ.

ಸವಿತಾ ಬೈದಳು. ಅತ್ತಳು. ಕನ್ನಡದಲ್ಲಿ ಬೈಗುಳ ಮುಗಿದಾಗ ತೆಲುಗಿಗೆ ಹೋದಳು. ಅಷ್ಟೂ ಹೊತ್ತು ಒಬ್ಬರಾದರೂ "ಹೋಗ್ಲಿ ಬಿಡು" ಎನ್ನಲಿಲ್ಲ. ನೋವಾದವರಿಗೆ ನಾವು ಎಷ್ಟು ಬೇಗ "ಹೋಗ್ಲಿ ಬಿಡು" ಎಂದುಬಿಡುತ್ತೇವೆ, ಗಮನಿಸಿದ್ದೀರಾ?

ಮಾಲೂರು ಬಂತು. ಜನ ಇಳಿದರು. ಸೆಲ್ವಿ ಅಕ್ಕ ಅವಳನ್ನು ಪಕ್ಕ ಕೂರಿಸಿಕೊಂಡು ನೀರಿನ ಬಾಟಲಿ ಕೊಟ್ಟರು. ಮುಖ ತೊಳೆದು ಬಂದಳು.

"ಸಾಪ್ಟಿಯಾ?" ಊಟ ಆಯ್ತಾ ಎಂದು ತಮಿಳಿನಲ್ಲಿ ಕೇಳಿದರು.

ಇಲ್ಲ ಎಂದು ತಲೆಯಾಡಿಸಿದಳು. ಮಧ್ಯಾಹ್ನ ಬಿಚ್ಚದ ಡಬ್ಬಿಯನ್ನು ಆಗ ಬಿಚ್ಚಿಸಿದರು. ಮುದ್ದೆ ಗಟ್ಟಿಯಾಗಿತ್ತು, ಹುರುಳಿಕಾಳಿನ ಸಾರು ಆರಿತ್ತು. ತಿಂದಳು. ಎದುರು ಸೀಟಿನವರು ಹುರಿದ ಕಡಲೆಕಾಯಿ ಕೊಟ್ಟರು. ತಿನ್ನುತ್ತಾ ತಿನ್ನುತ್ತಾ ಅವಳ ಭುಜ ಕೆಳಗಿಳಿದದ್ದು ನನಗೆ ಕಾಣಿಸಿತು. ಅರ್ಧ ಸಿಟ್ಟು ಹಸಿವಿನದೇ ಆಗಿತ್ತೇನೋ.

"ಈಗ ಓದು ಮಾ, ಏನು ಬರ್ದಿದೀಯ?"

ಓದಿದಳು. ಮ್ಯಾನೇಜರಿನ ಬೋಳುತಲೆಯ ಬಗ್ಗೆಯೇ ಒಂದು ಪ್ಯಾರಾ ಇತ್ತು. ಅದನ್ನು ಓದುವಾಗ ಅವಳಿಗೇ ನಗು ಬಂತು.

"ಸರಿ. ಇದ್ರಲ್ಲಿ ನಿಂಗೆ ಬೇಕಾಗಿರೋದು ಏನು? ಕೆಲಸ ಬಿಡಬೇಕಾ?"

ಸವಿತಾ ಮೊಬೈಲ್ ಮಡಿಲಲ್ಲಿಟ್ಟಳು. "ಕೆಲ್ಸ ಬೇಕಕ್ಕ. ಜನಗಳ ಮುಂದೆ ಅಂಗೆ ಆಡ್ಕೋಬಾರ್ದು. ಅಷ್ಟೆ."

"ಹಂಗಾದ್ರೆ ಅಷ್ಟೇ ಹೇಳು. ಗ್ರೂಪಲ್ಲಿ ಅಲ್ಲ, ಅವರ ಹತ್ರ."

ಟೇಕಲ್ ಬರುವಷ್ಟರಲ್ಲಿ ಆ ಉದ್ದದ ಮೆಸೇಜು ಅಳಿಸಿಹೋಗಿತ್ತು. ಬದಲಿಗೆ ಮ್ಯಾನೇಜರಿಗೆ ಹೋದದ್ದು ಒಂದೇ ಸಾಲು: "ಸರ್, ನಾಳೆ ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು." ಬಂಗಾರಪೇಟೆಯವರೆಗೆ ರಿಹರ್ಸಲ್. ನಾನು ಮ್ಯಾನೇಜರ್ ಪಾತ್ರ ಮಾಡಿದೆ. ಮೊದಲ ಸಲ ಅವಳ ದನಿ ನಡುಗಿತು. ಆಮೇಲೆ ಗಟ್ಟಿಯಾಯಿತು.

ಮರುದಿನ ಸಂಜೆ ವೈಟ್‌ಫೀಲ್ಡಿನಲ್ಲಿ ಇಡೀ ಬೋಗಿ ಬಾಗಿಲನ್ನೇ ನೋಡುತ್ತಿತ್ತು. ಸವಿತಾ ಹತ್ತಿದಳು.

"ಏಳಿದೆ ಅಕ್ಕ. 'ಸರ್, ತಪ್ಪು ಮಾಡಿದ್ರೆ ಒಳಗೆ ಕರ್ದು ಏಳಿ, ತಿದ್ಕತೀನಿ. ನನ್ನ ಮಾತು ನಮ್ಮವ್ವನ ಮಾತು. ಅದನ್ನ ಆಡ್ಕೋಬೇಡಿ' ಅಂದೆ."

"ಅದಕ್ಕೆ?"

"ಓಗು, ಕೆಲ್ಸ ನೋಡು ಅಂದ್ರು. ಮಧ್ಯಾಹ್ನ ಒಂದು ಬಿಲ್ ತಪ್ಪು ಮಾಡ್ಬಿಟ್ಟೆ. ಒಳಗೆ ಕರೆದ್ರು." ಅವಳ ಮುಖ ಅರಳಿತು. "ಒಳಗೆ ಬೈದ್ರು ಅಕ್ಕ."

ಬೋಗಿ ಚಪ್ಪಾಳೆ ಹೊಡೆಯಿತು. ಬೈಸಿಕೊಂಡವಳಿಗೆ ಚಪ್ಪಾಳೆ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನಸ್ಸಿನ ಸಮತೋಲನ ಎಂದರೆ ನುಂಗಿಕೊಳ್ಳುವುದು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ನುಂಗಿದ್ದು ಎಲ್ಲಿ ಹೋಗುತ್ತದೆ? ಮನೆಗೆ ಬರುತ್ತದೆ. ಮಕ್ಕಳ ಬೆನ್ನಿಗೆ, ಪಾತ್ರೆಗಳ ಸದ್ದಿಗೆ. ನಮ್ಮ ಹೆಂಗಸರು ಅದನ್ನು ದಾರಿಯಲ್ಲೇ ಇಳಿಸುತ್ತಾರೆ. ಹೊಟ್ಟೆಗೆ ಅನ್ನ, ಮುಖಕ್ಕೆ ನೀರು, ಒಂದು ಕಿವಿ, ಆಮೇಲೆ ಒಂದು ಮಾತು. ದೇಹ ಬೇರೆ, ಮನಸ್ಸು ಬೇರೆ, ಮಾತು ಬೇರೆ ಎಂದು ಇವರಿಗೆ ಯಾರೂ ವಿಂಗಡಿಸಿ ಹೇಳಿಕೊಟ್ಟಿಲ್ಲ. ಈ ರೈಲಿನವಳು ನಾನು ಎಂದು ಹೇಳಿಕೊಳ್ಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಶುಕ್ರವಾರ ಸೆಲ್ವಿ ಅಕ್ಕ ಯಾರ ಮುಖವನ್ನೂ ನೋಡದೆ ಕೂತಿದ್ದರು.

ಸವಿತಾ ಹತ್ತಿರ ಹೋದಳು. "ಏಳಿ ಅಕ್ಕ."

ಸೆಲ್ವಿ ಅಕ್ಕ ಎದ್ದು ನಿಂತರು. "ಕೂತ್ಕೋ ಮಾ."

"ಅಯ್ಯೋ, ಸೀಟಿಗಲ್ಲ ಅಕ್ಕ. ಏನಾಯ್ತು ಏಳಿ ಅಂದೆ."

ನಾವೆಲ್ಲ ನಕ್ಕೆವು. ಸೆಲ್ವಿ ಅಕ್ಕನೂ ನಗಲು ಹೋದರು. ಅಳು ಬಂತು. ಅವರು ನೋಡಿಕೊಳ್ಳುವ ಹೊಲಿಗೆ ಲೈನಿನಲ್ಲಿ ಟಾರ್ಗೆಟ್ ಮುಟ್ಟಿರಲಿಲ್ಲವಂತೆ. ಮೇಲಿನವರು ಇವರ ಮೇಲೆ ಕೂಗಾಡಿದರು. ಇವರು ಇಳಿದು ಬಂದು, ಹೊಸದಾಗಿ ಸೇರಿದ್ದ ಹುಡುಗಿಯ ಮೇಲೆ ಇಡೀ ಲೈನಿನ ಎದುರು ಕೂಗಾಡಿದರು. "ನನ್ನ ಮಗಳ ವಯಸ್ಸು ಮಾ. ಮಿಷನ್ ಮೇಲೆ ತಲೆ ಇಟ್ಟು ಅತ್ತಳು. ನಾನು ನೋಡಿಯೂ ನೋಡದ ಹಾಗೆ ಹೋದೆ."

ಕಾನೂನು ಎಲ್ಲರಿಗೂ ಒಂದೇ. ಯಾರೂ ಬಾಯಿ ಬಿಡಲಿಲ್ಲ. ಸವಿತಾ ಅವರ ಕೈ ಹಿಡಿದು ಕೂತಿದ್ದಳು.

ಮಾಲೂರು ದಾಟಿದ ಮೇಲೆ ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ತಾವೇ ಫೋನ್ ತೆಗೆದರು. ಕಾಲ್ ಒಮ್ಮೆ ಕಟ್ಟಾಯಿತು. ಮತ್ತೆ ಹಚ್ಚಿದರು. ರೈಲಿನ ಸದ್ದಿಗೆ ಆ ಹುಡುಗಿಗೆ ಕೇಳಿಸಲೆಂದು ದನಿ ಎತ್ತರಿಸಿದರು. ನಮಗೆಲ್ಲ ಕೇಳಿಸಿತು. "ತಪ್ಪಾಯ್ತು ಮಾ. ಸೋಮವಾರ ಲೈನ್‌ನಲ್ಲಿ ಎಲ್ಲರ ಮುಂದೆನೇ ಹೇಳ್ತೀನಿ."

ಎಲ್ಲರ ಮುಂದೆ ಬೈಯುವವರು ಪ್ರತಿ ಆಫೀಸಿನಲ್ಲೂ ಇದ್ದಾರೆ. ಎಲ್ಲರ ಮುಂದೆ "ತಪ್ಪಾಯ್ತು" ಎಂದವರು ನಿಮ್ಮಲ್ಲಿ ಯಾರಾದರೂ ಇದ್ದಾರಾ?