ಬ್ರೋಷರಿನಲ್ಲಿ ಕಾಲು ಚಾಚಿದ್ದ ಹೆಂಗಸು

“ಆ ಸೀಟ ಹುಡುಕಬ್ಯಾಡ್ರಿ, ಅದು ಎಲ್ಲೂ ಇಲ್ಲ,” ಎಂದರು ಒಬ್ಬ ಹಿರಿಯರು, ನನ್ನ ಹಳೆಯ ಕಾರಿನ ಬಾನೆಟ್ ಮೇಲಿದ್ದ ಬ್ರೋಷರನ್ನು ನೋಡುತ್ತ.

ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯಲ್ಲಿ ನಡೆದ ಹಳೆಯ ಕಾರುಗಳ ಪ್ರದರ್ಶನವದು. ನನ್ನ ಕಾರು ಹೊಸದಾಗಿ ಬಂದಾಗ ಕಂಪನಿ ಹಂಚಿದ್ದ ಆ ಬ್ರೋಷರಿನ ಚಿತ್ರದಲ್ಲಿ ಹಿಂದಿನ ಸೀಟಿನ ಹೆಂಗಸು ಕಾಲು ಚಾಚಿ ಕೂತಿದ್ದಳು. ನನ್ನ ಕಾರಿನಲ್ಲಿ ಅಷ್ಟು ಜಾಗವಿರಲಿಲ್ಲ. ಯಾರೋ ಸೀಟು ಬದಲಿಸಿದ್ದಾರೆಂದು ನಂಬಿ, ಮೂಲ ಸೀಟಿಗಾಗಿ ಮೂರು ವರ್ಷ ಪುಣೆಯಾಚೆಯ ಸಾಸವಡದವರೆಗೂ ಗುಜರಿ ಅಂಗಡಿಗಳನ್ನು ಅಲೆದಿದ್ದೆ. ಇದನ್ನೇ ಗೆಳೆಯನಿಗೆ ಕನ್ನಡದಲ್ಲಿ ಹೇಳುತ್ತಿದ್ದುದು ಆ ಹಿರಿಯರ ಕಿವಿಗೆ ಬಿದ್ದಿತ್ತು.

“ಈ ಚಿತ್ರ ಬರದಾಂವ ನಾನ ರೀ. ಕಾರು ದೊಡ್ಡದು ಕಾಣಬೇಕಂತ ಕಂಪನಿಯವ್ರು ಅಂದ್ರು, ಅದಕ್ಕ ಮಂದೀನ್ನ ಸಣ್ಣ ಮಾಡಿದೆ. ಈ ಹೆಣ್ಣಮಗಳು ನಮ್ಮ ಮನಿಯಾಕಿ,” ಎಂದು ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿದರು. ಆಕೆ ಗಂಡನಿಗಿಂತ ಎತ್ತರವಿದ್ದರು.

ಅಂಥ ಕಾರಿನಲ್ಲಿ ಆಕೆ ಒಮ್ಮೆಯೂ ಕೂತಿರಲಿಲ್ಲವಂತೆ. ನಾನು ಹಿಂದಿನ ಬಾಗಿಲು ತೆರೆದೆ. ಕೂತಾಗ ಅವರ ಮೊಣಕಾಲು ಮುಂದಿನ ಸೀಟಿಗೆ ಒತ್ತಿತು. ಗಂಡ ಮುಜುಗರದಿಂದ ಬೇರೆ ಕಡೆ ನೋಡಿದರು. “ಇರ್ಲಿ ಬಿಡ್ರಿ, ಕಡೀಕಾದ್ರೂ ಕೂತೆನಲ್ಲ,” ಎಂದ ಆಕೆ ಬಹಳ ಹೊತ್ತು ಇಳಿಯಲಿಲ್ಲ.

ಬ್ರೋಷರನ್ನು ಅವರಿಗೇ ಕೊಟ್ಟು ಕಳಿಸಿದೆ. ಸೀಟು ಹುಡುಕುವುದನ್ನೂ ಬಿಟ್ಟೆ. ಹಿಂದಿನ ಸೀಟು ಇಕ್ಕಟ್ಟಾಯಿತೆಂದು ಯಾರಾದರೂ ಹೇಳಿದರೆ, ಈ ಕಾರು ಇರುವುದೇ ಇಷ್ಟು ಎನ್ನುತ್ತೇನೆ.